ಬೆಳೆ ಕೈಗೆ ಬಾರದ ವರ್ಷದ ಸ್ತುತಿ

ಕೃಷ್ಣೆ ತುಂಗಭದ್ರೆಯರ ನಡುವಿನ ನಡಿಗಡ್ಡೆಯಲ್ಲಿ ಬಾಳುವವರಿಗೆ 2009ನೆಯ ಇಸವಿಯನ್ನು ಯಾರೂ ನೆನಪಿಸಬೇಕಾಗಿಲ್ಲ. ಆ ವರ್ಷ ದೇಶದ ಮುಂಗಾರು ಮಳೆ ವಾಡಿಕೆಗಿಂತ ಸುಮಾರು ಶೇಕಡ 22ರಷ್ಟು ಕಡಿಮೆಯಾಗಿತ್ತು. ಮೋಡವನ್ನು ನೋಡುತ್ತ ಕಳೆದ ತಿಂಗಳುಗಳ ಬೆನ್ನಿಗೇ, ಅಕ್ಟೋಬರ್ ತಿಂಗಳ ಮೊದಲಲ್ಲಿ ಎರಡು ನದಿಗಳೂ ಉಕ್ಕಿದವು. ಅಲಂಪುರ, ಕರ್ನೂಲು, ಮಂತ್ರಾಲಯ, ರಾಯಚೂರು ಸೀಮೆಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಒಂದೇ ವರ್ಷದಲ್ಲಿ ಬರವೂ ಬಂತು, ನೆರೆಯೂ ಬಂತು. ಮಲ್ದಕಲ್ಲಿನ ಸುತ್ತಲಿನ ಕ್ರೈಸ್ತ ಕುಟುಂಬಗಳಿಗೆ ಇಂಥ ವರ್ಷಗಳು ಒಡ್ಡುವ ಪ್ರಶ್ನೆ ಸರಳವಾದುದು, ಆದರೆ ಕಠಿನವಾದುದು. ಬಿತ್ತಿದ್ದು ಹೋಯಿತು, ಸಾಲ ಉಳಿಯಿತು. ಭಾನುವಾರ ಸಭೆಯಲ್ಲಿ ನಿಂತು ದೇವರು ಒಳ್ಳೆಯವನೆಂದು ಹಾಡುವುದು ಹೇಗೆ?

ಈ ಪ್ರಶ್ನೆಗೆ ಪ್ರವಾದಿ ಹಬಕ್ಕೂಕನ ಪುಸ್ತಕದಲ್ಲಿ ಒಂದು ಉತ್ತರವಿದೆ. ಮೂರೇ ಅಧ್ಯಾಯಗಳ ಆ ಪುಸ್ತಕದ ಕೊನೆಯಲ್ಲಿ ಅವನು ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲದ ಪೈರು, ಹಟ್ಟಿಯ ಕುರಿ, ಕೊಟ್ಟಿಗೆಯ ದನ ಇವೆಲ್ಲವೂ ಇಲ್ಲವಾಗುವುದನ್ನು ಒಂದೊಂದಾಗಿ ಎಣಿಸುತ್ತಾನೆ. ಅದು ಅಪ್ಪಟ ರೈತನ ಲೆಕ್ಕ. ನಮ್ಮಲ್ಲಾದರೆ ಹತ್ತಿ, ಶೇಂಗಾ, ಜೋಳ ಎಂದು ಬರೆಯುತ್ತಿದ್ದರು. ನಷ್ಟದಲ್ಲಿ ಯಾವುದೊಂದನ್ನೂ ಮುಚ್ಚಿಡದೆ ಎಣಿಸಿದ ಮೇಲೆಯೇ ಅವನು ದೇವರಲ್ಲಿ ಸಂತೋಷಿಸುವೆನೆನ್ನುತ್ತಾನೆ. ಅದೇ ಪುಸ್ತಕದ ಮೊದಲ ಅಧ್ಯಾಯದಲ್ಲಿ ಅವನೇ ದೇವರೊಡನೆ ವಾದಕ್ಕಿಳಿದು, ಮೊರೆಯನ್ನು ಏಕೆ ಕೇಳುತ್ತಿಲ್ಲವೆಂದು ಪ್ರಶ್ನಿಸಿದ್ದನು. ಆ ವಾದವನ್ನು ದಾಟಿ ಬಂದ ಸ್ತುತಿಯಾದುದರಿಂದಲೇ ಅದಕ್ಕೆ ತೂಕವಿದೆ.

ಕೀರ್ತನೆಗಳ ಪುಸ್ತಕವೂ ಹೀಗೆಯೇ. ಅದರ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಅಳಲಿನ ಹಾಡುಗಳು. 13ನೆಯ ಕೀರ್ತನೆ ದೂರಿನಲ್ಲಿ ಆರಂಭವಾಗಿ ಹಾಡಿನಲ್ಲಿ ಮುಗಿಯುತ್ತದೆ. 88ನೆಯದು ಹಾಗೆ ತಿರುಗುವುದೇ ಇಲ್ಲ, ಕತ್ತಲೆಯಲ್ಲಿಯೇ ನಿಲ್ಲುತ್ತದೆ. ಆದರೂ ಅದನ್ನು ಆರಾಧನೆಯ ಪುಸ್ತಕದಿಂದ ಹೊರಗಿಡಲಿಲ್ಲ. ದೇವರ ಮುಂದೆ ಅಳುವುದು ಅವಿಶ್ವಾಸವಲ್ಲ, ಅದೂ ಆರಾಧನೆಯೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿ ನಾವು ಎಚ್ಚರದಿಂದಿರಬೇಕಾದ ಮಾತೊಂದಿದೆ. ಕಷ್ಟದಲ್ಲಿರುವ ಮನೆಗೆ ಹೋಗಿ, ನಿಮ್ಮ ಪ್ರಾರ್ಥನೆ ಸಾಲದು, ನಂಬಿಕೆ ಕಡಿಮೆಯಾಯಿತು ಎನ್ನುವವರಿದ್ದಾರೆ. ಯೋಬನ ಸ್ನೇಹಿತರು ಮಾಡಿದ್ದೂ ಇದನ್ನೇ. ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಷ್ಟು ಕಾಲ ಅವರು ಒಳ್ಳೆಯ ನೆಂಟರಾಗಿದ್ದರು. ಬಾಯ್ತೆರೆದು ಕಾರಣ ಹೇಳಹೊರಟಾಗ ಕೆಟ್ಟರು. ಪುಸ್ತಕದ ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ದೂರಿದ ಯೋಬನಲ್ಲ, ಅವನಿಗೆ ಪಾಠ ಹೇಳಿದ ಸ್ನೇಹಿತರು. ಆರಾಧನೆಯೆಂಬುದು ಮಳೆಗಾಗಿ ಕಟ್ಟುವ ಮುಂಗಡವಲ್ಲ. ಹಾಗೆಂದು ತಿಳಿದವನು ಮಳೆ ಬಾರದ ವರ್ಷ ದೇವರನ್ನೂ ಕಳೆದುಕೊಳ್ಳುತ್ತಾನೆ.

ಸ್ತುತಿ ಬಾಯಿಯಲ್ಲಿಯೇ ಉಳಿಯಬೇಕಾಗಿಯೂ ಇಲ್ಲ. ನಮ್ಮ ರಾಜ್ಯದ ಮೆದಕ್‌ನಲ್ಲಿರುವ ಮಹಾದೇವಾಲಯವನ್ನು ನೋಡಿರಿ. 1914ರಲ್ಲಿ ಕೆಲಸ ಆರಂಭವಾಗಿ 1924ರ ಡಿಸೆಂಬರ್ 25ರಂದು ಅದರ ಪ್ರತಿಷ್ಠೆಯಾಯಿತು. ಬರದಿಂದ ಹಸಿದು ಬಂದ ಜನರಿಗೆ ಭಿಕ್ಷೆಯ ಬದಲು ಕೆಲಸವನ್ನೂ ಅದರ ಮೂಲಕ ಅನ್ನವನ್ನೂ ಒದಗಿಸಲು ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ವೆಸ್ಲಿಯನ್ ಮಿಷನರಿ ಈ ಕಟ್ಟಡವನ್ನು ಕೈಗೊಂಡರು. ಕಲ್ಲು ಹೊತ್ತವನ ಮನೆಯಲ್ಲಿ ಒಲೆ ಉರಿಯಿತು. ಆ ಕಲ್ಲುಗಳ ನಡುವೆ ಇಂದಿಗೂ ಹಾಡು ಕೇಳುತ್ತಿದೆ. ಉಪವಾಸವಿರುವ ನೆರೆಮನೆಗೆ ಒಂದು ಸೇರು ಜೋಳ ಕೊಟ್ಟು ಬರುವುದೂ ಆ ಹಾಡಿನ ಒಂದು ಚರಣವೇ.

ಮನೆಯ ಮಕ್ಕಳ ವಿಷಯವಾಗಿ ಇನ್ನೊಂದು ಮಾತು. ಊರಿನ ಆರಾಧನೆ ತೆಲುಗಿನಲ್ಲಿ ನಡೆಯಲಿ, ಅದು ಒಳ್ಳೆಯದೇ; ಆದರೆ ದುಃಖವು ಬಾಯಿಗೆ ಬರುವುದು ತಾಯ್ನುಡಿಯಲ್ಲಿ. ಶಾಲೆಯ ಕಪಾಟಿನ ನಿಘಂಟಿನ ಮೂಲಕ ನಮ್ಮ ಮಕ್ಕಳು ಬಲ್ಲ ಫರ್ಡಿನಂಡ್ ಕಿಟ್ಟೆಲ್ ಜರ್ಮನಿಯಿಂದ ಬಂದವರಾದರೂ, 1862ರಲ್ಲಿಯೇ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಕನ್ನಡ ಪದ್ಯಕೃತಿಯಾಗಿ ರಚಿಸಿದರು. ಮದುವೆಯಾದ ಕೆಲವೇ ವರ್ಷಗಳಲ್ಲಿ ಅವರ ಪತ್ನಿ ತೀರಿಕೊಂಡರು. ಆ ಬಳಿಕವೂ ಅವರು ಕನ್ನಡವನ್ನು ಬಿಡಲಿಲ್ಲ. ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು.

ಆದುದರಿಂದ ತಂದೆ ದುಡಿಮೆಗೆಂದು ಹೈದರಾಬಾದಿಗೋ ಪುಣೆಗೋ ಹೋಗಿರುವ ಮನೆಯಲ್ಲಿ, ಸಂಜೆಯ ಪ್ರಾರ್ಥನೆಗೆ ಕುಳಿತ ಮಗು, ದೇವರೇ, ಅಪ್ಪ ಏಕೆ ಇನ್ನೂ ಬರಲಿಲ್ಲ ಎಂದು ಕನ್ನಡದಲ್ಲಿ ಕೇಳಿದರೆ, ಹಿರಿಯರು ಅದನ್ನು ತಡೆಯಬಾರದು, ಉತ್ತರ ಕಟ್ಟಿಕೊಡಲೂ ಬಾರದು. ಆಮೆನ್ ಎಂದು ಜೊತೆಗೂಡಿಸಿ, ಆ ಮೇಲೆ ಅಂದು ಉಂಡ ಅನ್ನಕ್ಕಾಗಿ ಕೃತಜ್ಞತೆ ಹೇಳಿದರೆ ಸಾಕು. ಮೊರೆ ಮೊದಲು, ಸ್ತುತಿ ಅನಂತರ: ಕೀರ್ತನೆಗಾರರು ನಡೆದ ಹಾದಿ ಅದೇ.