ಬಿಲ್ಲಿನ ತಂತ್ರಾಂಶದಲ್ಲಿ ಹೆಸರು ಅಳಿಸುವ ಮುನ್ನ

ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಅಂಗಡಿಯ ಗಣಕಯಂತ್ರವು ಬಿಲ್ಲು ಮುದ್ರಿಸುವ ಸಾಧನವಾಗಿಯಷ್ಟೇ ಉಳಿದಿಲ್ಲ. ತೆರಿಗೆಯ ಲೆಕ್ಕ, ರಿಟರ್ನ್, ದಾಸ್ತಾನು ಎಲ್ಲವೂ ಅದನ್ನೇ ಅವಲಂಬಿಸಿವೆ. 2025ರ ಸೆಪ್ಟೆಂಬರ್ 22ರಂದು ಶೇಕಡಾ 12 ಮತ್ತು 28ರ ಹಂತಗಳು ಬಹುಪಾಲು ಸರಕುಗಳಿಗೆ ರದ್ದಾಗಿ, 5 ಮತ್ತು 18 ಮುಖ್ಯ ದರಗಳಾದವು. ಸಿದ್ಧ ತಂತ್ರಾಂಶವನ್ನು ಕೊಂಡವರು ತಯಾರಕರ ಹೊಸ ಆವೃತ್ತಿಗೆ ಕಾದರೆ ಸಾಕು. ಆದರೆ ಊರಿನ ಪ್ರೋಗ್ರಾಮರ್‌ಗಳಿಂದ ತಮ್ಮ ವ್ಯವಹಾರಕ್ಕೆ ತಕ್ಕಂತೆ ಬರೆಸಿಕೊಂಡವರು ಇಂತಹ ಪ್ರತಿ ಬದಲಾವಣೆಗೂ ತಾವೇ ಹೊಣೆಗಾರರು. ಆದ್ದರಿಂದ ಆ ಬರವಣಿಗೆಯನ್ನು ಶುಚಿಗೊಳಿಸುವ ಕ್ರಮವೊಂದರ ಬಗ್ಗೆ ವರ್ತಕರೂ ತಿಳಿದಿರುವುದು ಒಳಿತು.

ಲೆಕ್ಕದ ನಡುವೆ ಬರುವ ಮೊತ್ತಕ್ಕೆ ಪ್ರೋಗ್ರಾಮರ್ ಒಂದು ಹೆಸರಿಡುತ್ತಾನೆ. ಇದನ್ನು ಲೋಕಲ್ ವೇರಿಯಬಲ್ ಎನ್ನುತ್ತಾರೆ. ಆ ಹೆಸರನ್ನು ತೆಗೆದು, ಅದು ಬಂದಲ್ಲೆಲ್ಲ ಮೂಲ ಲೆಕ್ಕವನ್ನೇ ಬರೆಯುವುದು ಇನ್‌ಲೈನ್ ಮಾಡುವ ಕ್ರಮ. ಫಲಿತಾಂಶ ಬದಲಾಗದಂತೆ ಬರವಣಿಗೆಯನ್ನು ತಿದ್ದುವ ಇಂತಹ ಕೆಲಸಗಳಿಗೆ ರಿಫ್ಯಾಕ್ಟರಿಂಗ್ ಎಂದು ಹೆಸರು. ಮಾರ್ಟಿನ್ ಫೌಲರ್ ಅವರ 1999ರ ಗ್ರಂಥ ಇದನ್ನು ಪ್ರಚಲಿತಗೊಳಿಸಿತು. ಇಂದು ಎಕ್ಲಿಪ್ಸ್, ಇಂಟೆಲಿಜೆ ಐಡಿಯಾ, ವಿಷುಯಲ್ ಸ್ಟುಡಿಯೋಗಳಲ್ಲಿ ಕೀಲಿಯೊಂದನ್ನು ಒತ್ತಿದರೆ ಈ ಕೆಲಸ ತಾನಾಗಿಯೇ ನಡೆಯುತ್ತದೆ.

ಸಾಧನದ ಉಪಯೋಗವನ್ನು ನಮ್ಮ ಆಲೂಗಡ್ಡೆ ಮಂಡಿಯ ಲೆಕ್ಕದಿಂದಲೇ ಅರಿಯಬಹುದು. ಚೀಲದ ತೂಕ 52 ಕಿಲೋ, ಖಾಲಿ ಗೋಣಿ 1 ಕಿಲೋ, ದರ ಕಿಲೋಗೆ 20 ರೂಪಾಯಿ ಎಂದಿರಲಿ. ನಿವ್ವಳ ತೂಕ 51 ಕಿಲೋ, ಬೆಲೆ 1,020 ರೂಪಾಯಿ. 'ನಿವ್ವಳ' ಎಂಬ ಹೆಸರನ್ನು ಕೈಯಿಂದ ಅಳಿಸಿ, ಆವರಣ ಚಿಹ್ನೆ ಹಾಕದೆ 52 − 1 × 20 ಎಂದು ಬರೆದರೆ ಯಂತ್ರವು ಗುಣಾಕಾರವನ್ನು ಮೊದಲು ಮಾಡಿ 32 ರೂಪಾಯಿ ಎನ್ನುತ್ತದೆ! ಒಳ್ಳೆಯ ಸಾಧನವು ಆವರಣವನ್ನು ತಾನೇ ಸೇರಿಸುತ್ತದೆ. ಅವಸರದ ಮನುಷ್ಯನಿಗಿಂತ ಇಂತಹ ಕೆಲಸದಲ್ಲಿ ಯಂತ್ರವೇ ಮೇಲು ಎಂಬುದನ್ನು ಒಪ್ಪಲೇಬೇಕು.

ಆದರೆ ಎಲ್ಲವನ್ನೂ ಅದಕ್ಕೆ ವಹಿಸಲಾಗದು. ಬಿಲ್ಲಿನ ಕ್ರಮಸಂಖ್ಯೆಯನ್ನೇ ನೋಡೋಣ. ಜಿ.ಎಸ್.ಟಿ. ನಿಯಮಗಳಲ್ಲಿ 46ನೆಯದರ ಪ್ರಕಾರ ತೆರಿಗೆ ಬಿಲ್ಲಿಗೆ ಅನುಕ್ರಮವಾದ, ಆರ್ಥಿಕ ವರ್ಷದಲ್ಲಿ ಮರುಕಳಿಸದ ಸಂಖ್ಯೆ ಇರಬೇಕು. 'ಮುಂದಿನ ಸಂಖ್ಯೆ ಕೊಡು' ಎಂದು ಒಮ್ಮೆ ಕೇಳಿ, ಬಂದ ಸಂಖ್ಯೆಗೆ ಹೆಸರಿಟ್ಟು, ಮುದ್ರಣಕ್ಕೂ ಖಾತೆಗೂ ಅದನ್ನೇ ಬಳಸುವುದು ಸರಿಯಾದ ರೀತಿ. ಆ ಹೆಸರನ್ನು ಅಳಿಸಿದರೆ ಅದೇ ಪ್ರಶ್ನೆಯನ್ನು ಎರಡು ಬಾರಿ ಕೇಳಿದಂತಾಗುತ್ತದೆ. ಗ್ರಾಹಕನ ಕೈಯಲ್ಲಿ 101, ಖಾತೆಯಲ್ಲಿ 102! ಇದನ್ನು ಎಲ್ಲ ಸಾಧನಗಳೂ ಎಲ್ಲ ಸಂದರ್ಭಗಳಲ್ಲೂ ತಡೆಯುವುದಿಲ್ಲ. ತಪ್ಪು ಹೊರಬೀಳುವುದು ಲೆಕ್ಕ ತಾಳೆ ನೋಡುವಾಗ. ಉತ್ತರ ಕೊಡಬೇಕಾದವನು ಪ್ರೋಗ್ರಾಮರ್ ಅಲ್ಲ, ವರ್ತಕ.

ಇನ್ನೊಂದು ಅಪಾಯ ನಿಧಾನವಾಗಿ ಬರುವಂತಹುದು. 'ತೆರಿಗೆ ದರ' ಎಂಬ ಹೆಸರನ್ನು ತೆಗೆದು 12 ಎಂಬ ಅಂಕಿಯನ್ನೇ ಬರೆದರೆ ಆ ದಿನದ ಲೆಕ್ಕ ತಪ್ಪುವುದಿಲ್ಲ. ಸಾಧನದ ದೃಷ್ಟಿಯಲ್ಲಿ ಎಲ್ಲವೂ ಸರಿ. ಆದರೆ ಅದೇ ಪ್ರೋಗ್ರಾಮಿನಲ್ಲಿ ಡಜನ್ನಿನ 12 ಇರುತ್ತದೆ, ವರ್ಷದ ತಿಂಗಳುಗಳ 12 ಇರುತ್ತದೆ. ದರ ಬದಲಾದ ದಿನ ಯಾವ 12 ತೆರಿಗೆಯದು, ಯಾವುದು ಡಜನ್ನಿನದು ಎಂದು ಹುಡುಕುವವರಾರು? ಬಿಡಿಭಾಗಗಳನ್ನು ಡಜನ್ ಲೆಕ್ಕದಲ್ಲಿ ಮಾರುವ ಸಣ್ಣ ಕೈಗಾರಿಕೆಯವರು ಇದರ ಪರಿಣಾಮವನ್ನು ಊಹಿಸಬಲ್ಲರು.

ಸಾಲುಗಳು ಕಡಿಮೆಯಾದರೆ ಓದಲು ಸುಲಭವೆಂದು ಪ್ರೋಗ್ರಾಮರ್‌ಗಳು ಹೇಳುವುದರಲ್ಲಿ ಹುರುಳಿಲ್ಲದಿಲ್ಲ. ಏನನ್ನೂ ತಿಳಿಸದ ಹೆಸರುಗಳು ಹೋಗಲಿ. ಆದರೆ ನಿವ್ವಳ ತೂಕ, ರಿಯಾಯಿತಿ, ತೆರಿಗೆ ದರ ಇವು ವ್ಯಾಪಾರದ ಮಾತುಗಳು, ಇವು ಉಳಿಯಬೇಕು. ಫಲಿತಾಂಶ ಬದಲಾಯಿತೇ ಎಂಬುದನ್ನಷ್ಟೇ ಸಾಧನ ನೋಡುತ್ತದೆ. ಹೆಸರಿನ ಬೆಲೆಯನ್ನು ವ್ಯಾಪಾರ ಬಲ್ಲವನೇ ಹೇಳಬೇಕು.

ಆದುದರಿಂದ ತಂತ್ರಾಂಶ ತಿದ್ದಿಸುವ ಮುನ್ನ ವರ್ತಕರು ಮೂರು ಷರತ್ತು ಹಾಕುವುದು ಯೋಗ್ಯ. ದರಗಳು ಹೆಸರಿನೊಡನೆ ಒಂದೇ ಕಡೆ ಇರಬೇಕು. ತಿದ್ದುವ ಮುನ್ನ ಹಳೆಯ ಪ್ರತಿಯನ್ನು ಕಾದಿರಿಸಬೇಕು. ತಿದ್ದಿದ ಮೇಲೆ ಹಳೆಯ ಬಿಲ್ಲುಗಳನ್ನು ಪ್ರತಿಯೊಂದರಲ್ಲಿ ಮತ್ತೆ ಹಾಕಿ, ಪೈಸೆಯೂ ವ್ಯತ್ಯಾಸವಿಲ್ಲವೆಂದು, ಮುದ್ರಿತ ಸಂಖ್ಯೆಯೂ ಖಾತೆಯ ಸಂಖ್ಯೆಯೂ ಒಂದೇ ಎಂದು ತೋರಿಸಬೇಕು.

ಈ ಕಡೆಯ ಕೆಲಸಕ್ಕೆ ನಮ್ಮ ಸಂಸ್ಥೆಯೂ ನೆರವಾಗಬಹುದು. ರಿಯಾಯಿತಿ, ಸರಕು ವಾಪಸಾತಿ, ವಿವಿಧ ದರಗಳು ಸೇರಿರುವ ಇಪ್ಪತ್ತು ಮಾದರಿ ಬಿಲ್ಲುಗಳನ್ನು ಲೆಕ್ಕಪರಿಶೋಧಕರಿಂದ ಸಿದ್ಧಪಡಿಸಿ ಇಟ್ಟರೆ, ಹಾಸನದವರಾಗಲಿ, ಕೊರವಂಗಲ, ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರದವರಾಗಲಿ ತಮ್ಮ ತಂತ್ರಾಂಶವನ್ನು ಪರೀಕ್ಷಿಸಿಕೊಳ್ಳಬಹುದು. ಇದಕ್ಕೆ ತಗಲುವ ವೆಚ್ಚ ಅಲ್ಪ. ಪದಾಧಿಕಾರಿಗಳು ಈ ಸಲಹೆಯನ್ನು ಪರಿಶೀಲಿಸುವರೆಂದು ಆಶಿಸುತ್ತೇನೆ.