ಒಂದು ಹನಿಯ ಲೆಕ್ಕ

ಅನ್ನ ಬೆಂದಿದೆಯೇ ಎಂದು ತಿಳಿಯಲು ಗೃಹಿಣಿಯು ಪಾತ್ರೆಯ ಅನ್ನವನ್ನೆಲ್ಲ ಹಿಸುಕಿ ನೋಡುವುದಿಲ್ಲ. ಒಂದು ಅಗುಳು ಸಾಕು. ಪ್ರಯೋಗಶಾಲೆಯಲ್ಲಿ ಜೀವಕೋಶಗಳನ್ನು ಎಣಿಸುವವರ ಉಪಾಯವೂ ಇದೇ.

ಕ್ಯಾನ್ಸರಿಗೆ ಮದ್ದು ಹುಡುಕುವವರು ಅದನ್ನು ಮೊದಲು, ಬೇರೆಯಾಗಿ ಬೆಳೆಸಿದ ಜೀವಕೋಶಗಳ ಮೇಲೆ ಪರೀಕ್ಷಿಸುವುದುಂಟು. ಅಂಗೈಯಗಲದ ತಟ್ಟೆ, ಅದರಲ್ಲಿ 96 ಪುಟ್ಟ ಗುಳಿಗಳು. ಪ್ರತಿಯೊಂದಕ್ಕೂ 5,000 ಜೀವಕೋಶಗಳು ಬೀಳಬೇಕೆಂದಿಟ್ಟುಕೊಳ್ಳೋಣ. ಬರಿಗಣ್ಣಿಗೆ ಕಾಣದುದನ್ನು ಸಮನಾಗಿ ಬಡಿಸುವುದೆಂತು?

ಜರ್ಮನಿಯ ಕಾರ್ಲ್ ಫೀರೋರ್ಟ್ 1852ರಲ್ಲಿಯೇ ರಕ್ತಕಣಗಳನ್ನು ಎಣಿಸುವ ಕ್ರಮವನ್ನು ಪ್ರಕಟಿಸಿದ್ದನು. ಇಂದು ಯಂತ್ರಗಳೂ ಎಣಿಸುತ್ತವೆ. ಆದರೂ ನೊಯ್‌ಬಾವರ್ ಫಲಕವೆಂಬ ಗೆರೆ ಕೊರೆದ ಗಾಜು ಮೂಲೆಗೆ ಸೇರಿಲ್ಲ. ಅದರ ಒಂದು ದೊಡ್ಡ ಚೌಕ 1 ಮಿಲಿಮೀಟರ್ ಉದ್ದ, ಅಷ್ಟೇ ಅಗಲ, ಆಳ 0.1 ಮಿಲಿಮೀಟರ್. ಇಂಥ ಹತ್ತು ಸಾವಿರ ಚೌಕಗಳ ದ್ರವ ಸೇರಿದರೆ ಒಂದು ಮಿಲಿಲೀಟರ್. ಗೆರೆಯ ಮೇಲೆ ಕುಳಿತ ಕೋಶಗಳ ಪೈಕಿ ಎರಡು ಬದಿಯವನ್ನು ಎಣಿಸಿ, ಉಳಿದೆರಡು ಬದಿಯವನ್ನು ಬಿಡುವುದು ಪದ್ಧತಿ. ಒಂದೇ ಕೋಶ ಎರಡು ಚೌಕಗಳ ಲೆಕ್ಕಕ್ಕೆ ಸೇರಬಾರದಲ್ಲವೆ?

ಎಣಿಸುವ ಮುನ್ನ ಮಾದರಿಗೆ ಅಷ್ಟೇ ಪ್ರಮಾಣದ ಟ್ರೈಪಾನ್ ನೀಲಿಯನ್ನು ಬೆರೆಸುವರು. ಸತ್ತ ಕೋಶ ನೀಲಿಯಾಗುವುದು, ಬದುಕಿದುದು ಬಣ್ಣ ಹೀರದು. ನಾಲ್ಕು ಚೌಕಗಳಲ್ಲಿ 200 ಜೀವಂತ ಕೋಶಗಳು ಕಂಡರೆ ಸರಾಸರಿ 50. ಬಣ್ಣ ಸೇರಿ ದ್ರವ ಇಮ್ಮಡಿಯಾದುದರಿಂದ ಅದನ್ನು 2ರಿಂದ, ಬಳಿಕ 10,000ದಿಂದ ಗುಣಿಸಬೇಕು. ಮಿಲಿಲೀಟರಿಗೆ 10 ಲಕ್ಷವಾಯಿತು.

ಗುಳಿಯೊಂದಕ್ಕೆ 0.1 ಮಿಲಿಲೀಟರಿನಂತೆ 96 ಗುಳಿಗಳಿಗೆ 9.6; ಕೊಂಚ ಮಿಗಲೆಂದು 10 ಮಿಲಿಲೀಟರ್ ಸಿದ್ಧಮಾಡುವರು. ಬೇಕಾದುದು 5 ಲಕ್ಷ ಕೋಶಗಳು. ಅಂದರೆ ಮೂಲದ್ರವ ಅರ್ಧ ಮಿಲಿಲೀಟರ್, ಪೋಷಕ ದ್ರವ ಒಂಬತ್ತೂವರೆ.

ಆ ಎರಡರ ಗುಣಾಕಾರವನ್ನು ಮರೆತರೆ ಪ್ರತಿ ಗುಳಿಗೂ ಹತ್ತು ಸಾವಿರ ಬಿದ್ದು, ಹಿಂದಿನ ವಾರದ ಫಲದೊಡನೆ ಹೋಲಿಕೆಯೇ ಕೆಡುವುದು. ಇದಕ್ಕಿಂತ ಮೋಸದ ತಪ್ಪು ಇನ್ನೊಂದು. ಜೀವಕೋಶಗಳು ಸಾರಿನ ಬೇಳೆಯಂತೆ ತಳಕ್ಕೆ ಇಳಿಯುತ್ತವೆ. ಆಗಾಗ ಮೆಲ್ಲನೆ ಕಲಕದಿದ್ದರೆ ಒಂದು ಸಾಲಿಗೆ ತಿಳಿ, ಇನ್ನೊಂದಕ್ಕೆ ಗಸಿ. ಮೊದಲೇ ಕಡಿಮೆ ಕೋಶಗಳು ಬಿದ್ದ ಗುಳಿಯನ್ನು ಕಂಡು, ಮದ್ದೇ ಅವನ್ನು ಕೊಂದಿತೆಂದು ಹಿಗ್ಗುವ ಸಂಭವವುಂಟು.

ರೋಗಿಯ ಆಸೆ ಇಂಥ ಫಲಿತಾಂಶಗಳನ್ನು ನಂಬಿ ಬೆಳೆಯುತ್ತದೆ. ಒಂದು ಅಗುಳನ್ನು ನಂಬಬಹುದು, ನಿಜ. ಆದರೆ ಅದಕ್ಕೆ ಮುನ್ನ ಪಾತ್ರೆಯನ್ನು ಚೆನ್ನಾಗಿ ಕಲಕಿರಬೇಕು.