ತಲೆಯಿಲ್ಲದ ಹಕ್ಕಿಗೆ ಬಹುಮಾನ

ಎರಡು ಚಿತ್ರಗಳನ್ನು ಮುಂದಿಟ್ಟರೆ ಯಾವುದು ಮೇಲೆಂದು ಹೇಳುವುದು ಸುಲಭವಾದ ಕೆಲಸವೆಂದು ನಾನು ಬಹುಕಾಲ ನಂಬಿದ್ದೆ. ಇಪ್ಪತ್ತು ವರ್ಷ ವಿದ್ಯಾರ್ಥಿಗಳ ಪ್ರಬಂಧಗಳಿಗೆ ಅಂಕ ಹಾಕಿದವನಿಗೆ ಚಿತ್ರಕ್ಕೆ ಅಂಕ ಹಾಕುವುದೇನು ಮಹಾ! ಈಚಿನ ಎರಡು ಪ್ರಸಂಗಗಳು ಈ ಹಮ್ಮನ್ನು ತಕ್ಕಮಟ್ಟಿಗೆ ಇಳಿಸಿವೆ.

ಮೊದಲನೆಯದು 2023ರದು. ಸೋನಿ ವಿಶ್ವ ಛಾಯಾಚಿತ್ರ ಸ್ಪರ್ಧೆಯ ಒಂದು ವಿಭಾಗದಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಅವರ ಕಪ್ಪುಬಿಳುಪು ಚಿತ್ರ ಗೆದ್ದಿತು. ಎಳೆಯ ಹೆಂಗಸೊಬ್ಬಳ ಬೆನ್ನಿಗೆ ಅವಿತಂತೆ ನಿಂತ ವಯಸ್ಸಾದವಳು. ಯಾರದೋ ಮನೆಯ ಹಳೆಯ ಪೆಟ್ಟಿಗೆಯಿಂದ ತೆಗೆದ ಪಟವೆನ್ನಬೇಕು. ಎಲ್ಡಾಗ್ಸೆನ್ ಬಹುಮಾನವನ್ನು ನಿರಾಕರಿಸಿದರು. ಆ ಹೆಂಗಸರು ಹುಟ್ಟಿಯೇ ಇರಲಿಲ್ಲ. ಚಿತ್ರ ಕೃತಕ ಬುದ್ಧಿಮತ್ತೆಯ ಕೂಸು! ಯಾರು ಯಾರಿಗೆ ಏನು ಮೊದಲೇ ತಿಳಿಸಿದ್ದರೆಂದು ಸಂಘಟಕರಿಗೂ ಅವರಿಗೂ ವಾದವಾಯಿತು.

ಎರಡನೆಯದು 2024ರದು. '1839 ಪ್ರಶಸ್ತಿ' ಎಂಬ ಸ್ಪರ್ಧೆಯಲ್ಲಿ ಯಂತ್ರರಚಿತ ಚಿತ್ರಗಳಿಗೇ ಮೀಸಲಾದ ವಿಭಾಗಕ್ಕೆ ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕರು ಫ್ಲೆಮಿಂಗೊ ಹಕ್ಕಿಯ ಚಿತ್ರವೊಂದನ್ನು ಕಳುಹಿಸಿದರು. ನೀಳವಾದ ಕಾಲು, ನಸುಗೆಂಪು ಮೈ, ತಲೆಯೇ ಇಲ್ಲ. ತೀರ್ಪುಗಾರರು ಮೂರನೆಯ ಬಹುಮಾನ ಕೊಟ್ಟರು. ಜನರ ಮತದಲ್ಲಿಯೂ ಅದೇ ಗೆದ್ದಿತು. ಆಮೇಲೆ ಆಸ್ಟ್ರೇ ನಿಜವನ್ನು ಹೇಳಿದರು: ಹಕ್ಕಿ ದಿಟವಾದದ್ದು, ಹೊಟ್ಟೆ ತುರಿಸಿಕೊಳ್ಳಲು ತಲೆ ಬಗ್ಗಿಸಿತ್ತು. ಚಿತ್ರ ಅನರ್ಹವಾಯಿತು. ಅದರ ಅಪರಾಧ, ನಿಜವಾಗಿದ್ದುದು!

ಎರಡು ಕಡೆಯೂ ಚಿತ್ರದ ಒಂದು ಗೆರೆಯೂ ಬದಲಾಗಲಿಲ್ಲ, ಬದಲಾದದ್ದು ಅಡಿಬರಹ. ಹಾಗಾದರೆ ಅಂಕ ಬಿದ್ದದ್ದು ಯಾವುದಕ್ಕೆ?

ನಾನೂ ಮನಸಾರೆ ನಗುತ್ತಿದ್ದೆ. ಆದರೆ ನನ್ನ ಮೇಜಿನ ಮೇಲೊಂದು ಪ್ರಬಂಧವಿತ್ತು. ನಮ್ಮ ವಿದ್ಯಾರ್ಥಿನಿಯೊಬ್ಬಳು ಅಜ್ಜಿಯ ಬೀಸುವ ಕಲ್ಲನ್ನು ಕುರಿತು ಬಹು ಅಚ್ಚುಕಟ್ಟಾಗಿ ಬರೆದಿದ್ದಳು. ಈಚೆಗೆ ಒಳ್ಳೆಯ ಬರಹ ಕಂಡರೆ ನನಗೆ ಮೊದಲು ಆಗುವುದು ಸಂತೋಷವಲ್ಲ, ಸಂಶಯ. ಅಂಚಿನಲ್ಲಿ ಕೆಂಪು ಶಾಯಿಯಿಂದ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಹಾಕಿ, ಅವಳನ್ನು ಕರೆದು, "ಇದು ನೀನೇ ಬರೆದದ್ದೇನಮ್ಮ?" ಎಂದೆ. ಏನೋ ತಪ್ಪಾಗಿದೆಯೆಂದುಕೊಂಡು ಅವಳು, "ಗೂಟ ಸಡಿಲವಾಗಿದೆ ಸಾರ್, ಅಜ್ಜಿ ಅದಕ್ಕೆ ಹಳೇ ಸೀರೆ ತುಂಡು ಸುತ್ತಿದ್ದಾರೆ. ಅದನ್ನು ಬರೆಯೋದು ಮರೆತೆ" ಎಂದಳು.

ಹೇಳದೆ ಉಳಿದದ್ದು ಹೊಳೆಯುವುದೇ ಧ್ವನಿಯೆಂದು ವರ್ಷ ವರ್ಷವೂ ಪಾಠ ಹೇಳುವವನಿಗೆ ಆ ಹುಡುಗಿ ಮತ್ತೊಮ್ಮೆ ಪಾಠ ಹೇಳಿದಳು. ಹಕ್ಕಿಯ ಚಿತ್ರದಲ್ಲಿ ಕಾಣದ ತಲೆ ಗರಿಗಳ ಮರೆಯಲ್ಲಿ ಇದ್ದೇ ಇತ್ತು. ಆ ಹೆಂಗಸರ ಚಿತ್ರದಲ್ಲಿ ಕಂಡದ್ದರ ಆಚೆಗೆ ಯಾರೂ ಇಲ್ಲ. ಕವಿಯೂ ಇಲ್ಲದ್ದನ್ನು ಸೃಷ್ಟಿಸುವುದಿಲ್ಲವೇ ಎಂದರೆ, ಹೌದು. ಆದರೆ ಅವನು ಕಟ್ಟಿದ್ದರ ಬೆನ್ನಿಗೆ ಅವನು ಕಂಡುಂಡದ್ದು ಇರುತ್ತದೆ. ಚೆಲುವಿನಲ್ಲಿ ಯಂತ್ರ ಗೆದ್ದರೂ ಗೆಲ್ಲಲಿ; ಬರೆಯಲು ಮರೆತದ್ದೊಂದು ಅದಕ್ಕಿರಲಾರದು.

ಹುಡುಗಿಯ ಅಂಕವನ್ನು ಏರಿಸಿ ತಿದ್ದಿದೆ. ಅಂಚಿನ ಕೆಂಪು ಚಿಹ್ನೆಯನ್ನು ಮಾತ್ರ ಅಳಿಸಲಾಗಲಿಲ್ಲ.